ಓದುಗರ ಪ್ರಶ್ನೆ: ಯಾರ್ಕ್‌ಟೌನ್ ಬಯಲಿನಲ್ಲಿ ನಮಗೇನು ಕೆಲಸ?

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಜೇಮ್ಸ್ ಮತ್ತು ಯಾರ್ಕ್ ನದಿಗಳ ನಡುವಣ ನೆಲದಲ್ಲಿ ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್ ಮತ್ತು ಯಾರ್ಕ್‌ಟೌನ್ ಎಂಬ ಮೂರು ಚಾರಿತ್ರಿಕ ತಾಣಗಳಿವೆ. ಕಲೋನಿಯಲ್ ಪಾರ್ಕ್‌ವೇ ಎಂಬ ಸುಮಾರು 23 ಮೈಲಿಯ ರಸ್ತೆ ಮೂರನ್ನೂ ಜೋಡಿಸುತ್ತದೆ. 1607ರಲ್ಲಿ ಇಂಗ್ಲಿಷರ ಮೊದಲ ಶಾಶ್ವತ ನೆಲೆ ಹುಟ್ಟಿದ್ದು ಜೇಮ್ಸ್‌ಟೌನಿನಲ್ಲಿ. 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿಯಾಗಿದ್ದದ್ದು ವಿಲಿಯಮ್ಸ್‌ಬರ್ಗ್. ಅಮೆರಿಕನ್ ಕ್ರಾಂತಿ ಎಂದೂ ಕರೆಯುವ ಸ್ವಾತಂತ್ರ್ಯಯುದ್ಧದಲ್ಲಿ, 1781ರ ಅಕ್ಟೋಬರ್ 19ರಂದು, ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ಅಮೆರಿಕನ್ ಮತ್ತು ಫ್ರೆಂಚ್ ಪಡೆಗಳಿಗೆ ಶರಣಾದದ್ದು ಯಾರ್ಕ್‌ಟೌನಿನಲ್ಲಿ. ಈ ಪ್ರದೇಶದ ವಸ್ತುಸಂಗ್ರಹಾಲಯಗಳಲ್ಲಿ ಅಂದಿನ ಉಡುಗೆ ತೊಟ್ಟು, ಅಂದಿನ ಕೆಲಸಗಳನ್ನು ಮಾಡಿ ತೋರಿಸುತ್ತ ಸಂದರ್ಶಕರೊಡನೆ ಮಾತನಾಡುವವರಲ್ಲಿ ಹಲವರು ಸಂಬಳದ ನೌಕರರು, ಕೆಲವರು ಸ್ವಯಂಸೇವಕರು. ಆ ಸೇವೆಯನ್ನು ಕುರಿತು ಬಂದಿರುವ ಪತ್ರಗಳಲ್ಲಿ ಕೆಲವಕ್ಕೆ ಈ ಬಾರಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳ ಶಾಲಾ ಪ್ರವಾಸದ ಜೊತೆ ಹೋಗಿ ಇಂಥ ನಿರೂಪಕರನ್ನು ನೋಡಿದ ಮೇಲೆ ನನಗೂ ಸ್ವಯಂಸೇವಕಿಯಾಗುವ ಆಸೆ ಹುಟ್ಟಿದೆ. ಆದರೆ ನನ್ನ ಇಂಗ್ಲಿಷ್ ಮೈಸೂರಿನದು, ಮೈಬಣ್ಣವೂ ನಮ್ಮ ಊರಿನದೇ. ಹದಿನೆಂಟನೆಯ ಶತಮಾನದ ವರ್ಜೀನಿಯಾದ ಹೆಂಗಸಿನ ಉಡುಗೆಯಲ್ಲಿ ನಾನು ನಿಂತರೆ ನೋಡುವವರಿಗೆ ಅಭಾಸವೆನಿಸುವುದಿಲ್ಲವೇ?
(ಓದುಗಿ, ರಿಚ್ಮಂಡ್)

ಉತ್ತರ: ಅಭಾಸವೆನಿಸುವುದಿಲ್ಲ ಎಂದು ಸೌಜನ್ಯಕ್ಕಾಗಿ ಹೇಳುತ್ತಿಲ್ಲ, ಅದಕ್ಕೆ ಚರಿತ್ರೆಯ ಆಧಾರವೇ ಇದೆ. ವರ್ಜೀನಿಯಾಕ್ಕೆ ಜನರನ್ನು ಕರೆತಂದವರಿಗೆ ತಲೆಗೆ 50 ಎಕರೆಯಂತೆ ಭೂಮಿ ಕೊಡುವ ಪದ್ಧತಿ ಹದಿನೇಳನೆಯ ಶತಮಾನದಲ್ಲಿತ್ತು. ಹಾಗೆ ಭೂಮಿ ಪಡೆದವರು ಒಪ್ಪಿಸಿದ ಹೆಸರುಗಳ ಪಟ್ಟಿಗಳಲ್ಲಿ ಒಂದರಲ್ಲಿ, 1635ರಲ್ಲಿ, ‘ಟೋನಿ, ಈಸ್ಟ್ ಇಂಡಿಯನ್’ ಎಂಬ ನಮೂದು ಸಿಗುತ್ತದೆ. ಅಲ್ಲಿಂದ ಮುಂದೆ ನೂರ ನಲವತ್ತು ವರ್ಷ ದಾಟಿ, ಅಮೆರಿಕ ಸ್ವಾತಂತ್ರ್ಯ ಘೋಷಿಸಿದ 1776ರ ಬೇಸಗೆಯ ವರ್ಜೀನಿಯಾ ಗೆಜೆಟ್ ಪತ್ರಿಕೆಯನ್ನು ತೆರೆದರೆ, ಒಡೆಯನಿಂದ ತಪ್ಪಿಸಿಕೊಂಡು ಹೋದ ಜಾನ್ ನ್ಯೂಟನ್ ಎಂಬ ಸೇವಕನನ್ನು ಹಿಡಿದುಕೊಡುವಂತೆ ಕೋರುವ ಜಾಹೀರಾತು ಕಾಣುತ್ತದೆ. ಆತನಿಗೆ ಸುಮಾರು ಇಪ್ಪತ್ತು ವರ್ಷ, ತೆಳುವಾದ ಮೈಕಟ್ಟು, ಹುಟ್ಟಿನಿಂದ ಏಷ್ಯಾದ ಇಂಡಿಯನ್, ಇಂಗ್ಲೆಂಡಿನಲ್ಲಿ ಹತ್ತು ವರ್ಷ ಇದ್ದು ವರ್ಜೀನಿಯಾಕ್ಕೆ ಬಂದು ವರ್ಷವಾಗಿದೆ ಎಂದು ಅದರಲ್ಲಿ ಬರೆದಿದೆ. ಇಂಗ್ಲಿಷ್ ಹೆಸರಿನ ಹಿಂದೆ ಅವನ ತಾಯಿ ತಂದೆ ಇಟ್ಟ ಹೆಸರು ಯಾವುದಿತ್ತೋ, ಅವನು ನಮ್ಮ ನಾಡಿನ ಯಾವ ಮೂಲೆಯವನೋ ಆ ಜಾಹೀರಾತು ಹೇಳುವುದಿಲ್ಲ. ಹಾಗಾಗಿ ಅವನನ್ನು ಕನ್ನಡಿಗನನ್ನಾಗಿಯೋ ಬಂಗಾಳಿಯನ್ನಾಗಿಯೋ ಮಾಡುವ ಹಕ್ಕು ನಿಮಗಾಗಲಿ ನನಗಾಗಲಿ ಇಲ್ಲ. ಆದರೆ ಅಂದಿನ ವರ್ಜೀನಿಯಾದಲ್ಲಿ ನಮ್ಮಂಥ ಮುಖಗಳು ಇದ್ದವು ಎಂದು ಯಾರಿಗಾದರೂ ಧೈರ್ಯವಾಗಿ ಹೇಳಬಹುದು.

ನಿಮ್ಮ ಉಡುಗೆಯಂತೂ ಇನ್ನೂ ಹತ್ತಿರದ ಸಂಬಂಧ. ಕೋರಮಂಡಲ ತೀರದಲ್ಲಿ ಬಣ್ಣ ಹಾಕಿದ ಹೂಬಳ್ಳಿಯ ಹತ್ತಿಬಟ್ಟೆ ಅಂದಿನ ಇಂಗ್ಲಿಷರಿಗೆ ಎಷ್ಟು ಪ್ರಿಯವಾಗಿತ್ತೆಂದರೆ, ಅಲ್ಲಿನ ನೇಕಾರರ ಗಲಾಟೆಗೆ ಮಣಿದ ಪಾರ್ಲಿಮೆಂಟು 1721ರಲ್ಲಿ ಅಂಥ ಬಟ್ಟೆ ತೊಡುವುದನ್ನೇ ಇಂಗ್ಲೆಂಡಿನಲ್ಲಿ ನಿಷೇಧಿಸಿತು. ವಸಾಹತುಗಳಿಗೆ ಅದನ್ನು ಕಳುಹಿಸುವುದಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಈ ಒಂದು ವಿಷಯವನ್ನು ಸರಿಯಾಗಿ ತಿಳಿದುಕೊಂಡ ನಿರೂಪಕಿ ತನ್ನ ಮೇಲಂಗಿಯ ಅಂಚನ್ನು ತೋರಿಸುತ್ತಲೇ ಕಾಲು ಗಂಟೆ ಮಾತನಾಡಬಲ್ಲಳು.

ಇನ್ನು ಜೇಮ್ಸ್‌ಟೌನಿನಲ್ಲಿ ಸೇವೆ ಸಿಕ್ಕರೆ ನಿಮಗೆ ಹೇಳಲು ಮತ್ತೂ ಒಂದು ಕಥೆಯಿದೆ. ಆ ನೆಲೆಯನ್ನು ಸ್ಥಾಪಿಸಿದ ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿದ್ದ ಸರ್ ಥಾಮಸ್ ಸ್ಮಿತ್‌ನೇ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಕೂಡ ಆಗಿದ್ದ. 1607ರಲ್ಲಿ ಸೂಸನ್ ಕಾನ್‌ಸ್ಟಂಟ್, ಗಾಡ್‌ಸ್ಪೀಡ್, ಡಿಸ್ಕವರಿ ಎಂಬ ಮೂರು ಹಡಗುಗಳನ್ನು ಜೇಮ್ಸ್ ನದಿಗೆ ತಂದ ಕ್ಯಾಪ್ಟನ್ ಕ್ರಿಸ್ಟೋಫರ್ ನ್ಯೂಪೋರ್ಟ್ ಮುಂದೆ ಅದೇ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ, ಜಹಾಂಗೀರನ ಆಸ್ಥಾನಕ್ಕೆ ಹೊರಟಿದ್ದ ರಾಯಭಾರಿ ಸರ್ ಥಾಮಸ್ ರೋನನ್ನು 1615ರಲ್ಲಿ ಸೂರತ್ತಿಗೆ ಮುಟ್ಟಿಸಿದ. 1617ರಲ್ಲಿ ಜಾವಾದ ಬಂಟಮಿನಲ್ಲಿ ತೀರಿಕೊಂಡ. ಮೂರು ಹಡಗುಗಳ ಪ್ರತಿಕೃತಿಗಳು ಜೇಮ್ಸ್‌ಟೌನ್ ಸೆಟಲ್‌ಮೆಂಟ್ ವಸ್ತುಸಂಗ್ರಹಾಲಯದ ದಡದಲ್ಲಿ ನಿಂತಿವೆ. ಅವುಗಳ ಮುಂದೆ ನಿಂತು ಈ ಕಥೆ ಹೇಳುವುದಕ್ಕೆ ಮೈಸೂರಿನ ಇಂಗ್ಲಿಷ್ ಧಾರಾಳವಾಗಿ ಸಾಕು. ಸಂದರ್ಶಕರಿಗೆ ಬೇಕಾದದ್ದು ಸ್ಪಷ್ಟವಾದ, ಅವಸರವಿಲ್ಲದ ಮಾತು.

ಒಂದು ತೊಡಕನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಜೇಮ್ಸ್‌ಟೌನಿನಲ್ಲಿ ಪೌಹಾಟನ್ ಮೂಲನಿವಾಸಿಗಳ ಊರಿನ ಪ್ರತಿಕೃತಿಯೂ ಇದೆ. ಅದರ ಹತ್ತಿರ ನಿಂತ ನಿಮ್ಮನ್ನು ‘ನೀವು ಇಂಡಿಯನ್ನರೇ?’ ಎಂದು ಕೇಳುವ ಮಗುವಿಗೆ ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ನಕ್ಕು, ಸಮಾಧಾನದಿಂದ ಎರಡು ವಾಕ್ಯದಲ್ಲಿ ಬಿಡಿಸಿ ಹೇಳಿ. ಮೂಲನಿವಾಸಿಗಳ ಬದುಕಿನ ಬಗ್ಗೆ ಮಾತನಾಡಲು ಆ ಸಮುದಾಯದವರೇ ಹತ್ತಿರದಲ್ಲಿದ್ದರೆ ಮಗುವನ್ನು ಅವರ ಬಳಿಗೆ ಕಳುಹಿಸುವುದು ಮರ್ಯಾದೆ.

ಪ್ರಶ್ನೆ: ನಾನು ಕಾಲೇಜಿನ ದಿನಗಳಿಂದ ಹವ್ಯಾಸಿ ರಂಗಭೂಮಿಯಲ್ಲಿದ್ದವನು. ಒಂದು ಪಾತ್ರವನ್ನು ಕೊಟ್ಟರೆ ದಿನವಿಡೀ ಅದರಲ್ಲೇ ಇರಬಲ್ಲೆ. ಈ ಸೇವೆಯಲ್ಲಿ ನನಗೆ ಪಾತ್ರ ಸಿಗುತ್ತದೆಯೇ?
(ಓದುಗರು, ನಾರ್ಫೋಕ್)

ಉತ್ತರ: ಸಿಗದಿರುವ ಸಂಭವವೇ ಹೆಚ್ಚು, ಮತ್ತು ಅದು ಒಳ್ಳೆಯದೇ ಎಂಬುದು ನನ್ನ ಅಭಿಪ್ರಾಯ. ಈ ಕೆಲಸದಲ್ಲಿ ಎರಡು ಮಾರ್ಗಗಳಿವೆ. ಒಂದರಲ್ಲಿ ನಿರೂಪಕ ತಾನೇ ಆ ಕಾಲದ ವ್ಯಕ್ತಿ ಎಂಬಂತೆ ಮಾತನಾಡುತ್ತಾನೆ. ಮ್ಯಾಸಚೂಸೆಟ್ಸಿನ ಪ್ಲಿಮತ್ ವಸ್ತುಸಂಗ್ರಹಾಲಯದ ಇಂಗ್ಲಿಷ್ ಹಳ್ಳಿ ಈ ಮಾರ್ಗಕ್ಕೆ ಹೆಸರಾದದ್ದು, ಅಲ್ಲಿನವರಿಗೆ ರೈಲು, ಕ್ಯಾಮರಾ ಯಾವುದೂ ಗೊತ್ತಿರುವುದಿಲ್ಲ. ಇನ್ನೊಂದರಲ್ಲಿ ನಿರೂಪಕ ಉಡುಗೆಯನ್ನಷ್ಟೇ ಹಳೆಯದನ್ನು ತೊಟ್ಟು, ಇಂದಿನ ಮನುಷ್ಯನಾಗಿಯೇ ‘ಅವರು ಹೀಗೆ ಮಾಡುತ್ತಿದ್ದರು’ ಎಂದು ವಿವರಿಸುತ್ತಾನೆ. ಜೇಮ್ಸ್‌ಟೌನ್ ಸೆಟಲ್‌ಮೆಂಟ್ ಮತ್ತು ಯಾರ್ಕ್‌ಟೌನಿನ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯಗಳಲ್ಲಿ ನಡೆಯುವುದು ಬಹುಮಟ್ಟಿಗೆ ಎರಡನೆಯದು. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿ ಪಂಚೆ ಶಲ್ಯದಲ್ಲೇ ಕುಳಿತು ಕರ್ಣನಾಗಿ ಮಾತನಾಡುತ್ತಾನಲ್ಲ, ಇಲ್ಲಿ ಅದರ ತಿರುವು: ವೇಷವೆಲ್ಲ ಇದೆ, ಮಾತು ಮಾತ್ರ ನಿಮ್ಮದೇ.

ಮೊದಲನೆಯ ಮಾರ್ಗ ನೋಡುವುದಕ್ಕೆ ರಂಜನೀಯ, ಆದರೆ ಅದಕ್ಕೆ ವರ್ಷಗಟ್ಟಲೆ ಓದು ಬೇಕು. ವಿಲಿಯಮ್ಸ್‌ಬರ್ಗಿನಲ್ಲಿ ಜೆಫರ್ಸನ್ನನಂಥ ಸಾರ್ವಜನಿಕ ವ್ಯಕ್ತಿಗಳಾಗಿ ಮಾತನಾಡುವವರು ಅದನ್ನೇ ವೃತ್ತಿಯಾಗಿಸಿಕೊಂಡ ನಟರು. ಆ ವ್ಯಕ್ತಿಯ ಪತ್ರಗಳನ್ನು ಅರೆದು ಕುಡಿದವರು. ವಾರಕ್ಕೊಮ್ಮೆ ಬರುವ ಸ್ವಯಂಸೇವಕ ಪಾತ್ರದೊಳಗಿದ್ದಾಗ, ತನಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ ಪಾತ್ರವನ್ನು ಉಳಿಸಿಕೊಳ್ಳುವುದಕ್ಕಾಗಿ ಏನನ್ನಾದರೂ ಕಟ್ಟಿ ಹೇಳುವ ಪ್ರಲೋಭನೆ ಬಲವಾಗಿರುತ್ತದೆ. ರಂಗದ ಮೇಲೆ ಅದು ಸಮಯಸ್ಫೂರ್ತಿ, ವಸ್ತುಸಂಗ್ರಹಾಲಯದಲ್ಲಿ ಅದು ಸುಳ್ಳು.

ಹೀಗೆ ಹುಟ್ಟಿದ ಸುಳ್ಳುಗಳು ಇಂಥ ತಾಣಗಳಲ್ಲಿ ಒಬ್ಬರ ಬಾಯಿಂದ ಒಬ್ಬರಿಗೆ ಹರಿದು ಗಟ್ಟಿಯಾಗಿ ಬೇರೂರಿವೆ. ಅಂದಿನ ಹೆಂಗಸರ ಸಾವಿಗೆ ಹೆರಿಗೆಯ ನಂತರದ ಎರಡನೆಯ ದೊಡ್ಡ ಕಾರಣ ಒಲೆಯ ಬೆಂಕಿ ಲಂಗಕ್ಕೆ ತಗಲುವುದಾಗಿತ್ತು ಎಂಬುದು, ಮಂಚಗಳು ಗಿಡ್ಡವಾಗಿದ್ದದ್ದು ಜನ ಕುಳಿತೇ ನಿದ್ರಿಸುತ್ತಿದ್ದುದರಿಂದ ಎಂಬುದು, ಹಳಸಿದ ಮಾಂಸದ ವಾಸನೆ ಮರೆಸಲು ಮಸಾಲೆ ಹಾಕುತ್ತಿದ್ದರು ಎಂಬುದು, ಇವೆಲ್ಲ ಈಗ ಸಂದರ್ಶಕರೂ ಮನೆಯಿಂದಲೇ ಹೊತ್ತು ತರುವ ಮಾತುಗಳು. ಮೊದಲನೆಯದಕ್ಕೆ ದಾಖಲೆಗಳ ಬೆಂಬಲವಿಲ್ಲ. ಜನರನ್ನು ಹೆಚ್ಚಾಗಿ ಕೊಂಡೊಯ್ಯುತ್ತಿದ್ದುದು ರೋಗಗಳು. ಮೂರನೆಯದಕ್ಕೆ ಉತ್ತರಿಸಲು ಕರಾವಳಿಯ ಕಾಳುಮೆಣಸಿನ ಬೆಲೆ ಬಲ್ಲ ಕನ್ನಡಿಗರಿಗಿಂತ ಯೋಗ್ಯರು ಯಾರು? ಕಡಲು ದಾಟಿ ಬಂದ ಮೆಣಸನ್ನು ಕೊಳ್ಳುವ ಶಕ್ತಿಯಿದ್ದವನಿಗೆ ತಾಜಾ ಮಾಂಸ ಕೊಳ್ಳುವ ಶಕ್ತಿಯೂ ಇದ್ದೇ ಇರುತ್ತಿತ್ತು.

ನಿಮ್ಮ ರಂಗಾನುಭವ ವ್ಯರ್ಥವಾಗುವುದಿಲ್ಲ. ಧ್ವನಿ ಎತ್ತರಿಸದೆ ಮೂವತ್ತು ಮಕ್ಕಳಿಗೆ ಕೇಳುವಂತೆ ಮಾತನಾಡುವುದು, ಎದುರಿಗಿದ್ದವರ ಕಣ್ಣು ನೋಡಿ ಮಾತನ್ನು ಮೊಟಕುಗೊಳಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಪ್ರಶ್ನೆ: ಮಾಂಗಲ್ಯ, ಕುಂಕುಮ, ಮೂಗುಬೊಟ್ಟು ತೆಗೆಯಬೇಕಾಗುತ್ತದೆಯೇ? ಬೇಸಗೆಯ ಸೆಕೆಯಲ್ಲಿ ಅಷ್ಟೊಂದು ಬಟ್ಟೆಯನ್ನು ಹೇಗೆ ತಡೆದುಕೊಳ್ಳುತ್ತಾರೆ? ನಾವು ಸಸ್ಯಾಹಾರಿಗಳು, ಅಡುಗೆಮನೆಯ ಕೆಲಸ ಬಂದರೆ ಏನು ಮಾಡುವುದು?
(ಓದುಗಿ, ವರ್ಜೀನಿಯಾ ಬೀಚ್)

ಉತ್ತರ: ಮಾಂಗಲ್ಯ ಸಮಸ್ಯೆಯೇ ಅಲ್ಲ, ಎದೆಯ ಮೇಲೆ ಹೊದೆಯುವ ಕರ್ಚೀಫಿನ ಕೆಳಗೆ ಅದು ಕಾಣುವುದೇ ಇಲ್ಲ. ಕುಂಕುಮ ಮತ್ತು ಮೂಗುಬೊಟ್ಟಿನ ವಿಷಯವನ್ನು ಉಡುಗೆ ವಿಭಾಗದವರೊಡನೆ ಮೊದಲ ಭೇಟಿಯಲ್ಲೇ ಮಾತನಾಡಿಕೊಳ್ಳಿ. ಧಾರ್ಮಿಕ ಗುರುತುಗಳಿಗೆ ವಿನಾಯಿತಿ ಕೇಳುವುದರಲ್ಲಿ ಸಂಕೋಚ ಬೇಡ. ಕೈಗಡಿಯಾರ, ಉಗುರುಬಣ್ಣ, ಕ್ರೀಡಾ ಬೂಟುಗಳಿಗೆ ಮಾತ್ರ ಯಾರೂ ವಿನಾಯಿತಿ ಕೊಡುವುದಿಲ್ಲ. ಮೊಬೈಲನ್ನು ಎಲ್ಲಿಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅಂದಿನ ಹೆಂಗಸರು ಲಂಗದ ಕೆಳಗೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಜೇಬಿನ ಚೀಲದಲ್ಲಿ ಇಂದಿನ ದೊಡ್ಡ ಫೋನ್ ಕೂಡ ಮಾಯವಾಗುತ್ತದೆ.

ಉಡುಗೆಯ ಕ್ರಮ ಹೀಗಿದೆ. ಮೈಗೆ ತಾಗುವಂತೆ ನಾರಗಸೆಯ (ಲಿನನ್) ಬಟ್ಟೆಯ ಉದ್ದ ಒಳಂಗಿ, ಅದರ ಮೇಲೆ ಬಿಗಿಕಡ್ಡಿಗಳನ್ನು ಹೊಲಿದ ಕುಪ್ಪಸ, ಒಂದೆರಡು ಲಂಗ, ಮೇಲಂಗಿ, ಕರ್ಚೀಫು, ಏಪ್ರನ್ನು, ತಲೆಗೆ ಬಿಳಿಯ ಟೋಪಿ. ಗಂಡಸರಿಗೆ ಅಂಗಿ, ಮಂಡಿಯವರೆಗಿನ ಚಲ್ಲಣ, ವೇಸ್ಟ್‌ಕೋಟು, ಕಾಲುಚೀಲ, ಬಕಲ್ ಇರುವ ಬೂಟು. ಸೈನಿಕರಾದರೆ ಉಣ್ಣೆಯ ಕೋಟು. ಸಾಮಾನ್ಯವಾಗಿ ಸಂಸ್ಥೆಯೇ ಇವನ್ನು ಎರವಲು ಕೊಡುತ್ತದೆ, ಆದ್ದರಿಂದ ಆರಂಭದಲ್ಲೇ ಅಂತರ್ಜಾಲದಲ್ಲಿ ಹುಡುಕಿ ಹಣ ಸುರಿಯಬೇಡಿ. ಅಲ್ಲಿ ಸಿಗುವುದರಲ್ಲಿ ಬಹುಪಾಲು ಪಾಲಿಯೆಸ್ಟರ್ ನಾಟಕದ ಬಟ್ಟೆ. ಪಾಲಿಯೆಸ್ಟರನ್ನು ದೂರವಿಡಲು ಚರಿತ್ರೆಗಿಂತ ದೊಡ್ಡ ಕಾರಣವಿದೆ. ತೆರೆದ ಒಲೆಯ ಕಿಡಿ ಸಿಡಿದರೆ ಉಣ್ಣೆ ಕರಕಲಾಗಿ ನಂದಿಹೋಗುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನೈಲಾನ್ ಸೀರೆಯುಟ್ಟು ಒಲೆಯ ಬಳಿ ಹೋಗಬೇಡ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದೂ ಇದಕ್ಕಾಗಿಯೇ.

ಸೆಕೆ ನಿಜ. ಜುಲೈಯಲ್ಲಿ ಅಲ್ಲಿನ ಹವೆ ಮಂಗಳೂರನ್ನು ನೆನಪಿಸುತ್ತದೆ. ನಾರಗಸೆಯ ಒಳಂಗಿ ಬೆವರನ್ನು ಹೀರಿ ಮೈಯನ್ನು ತಂಪಾಗಿಡುತ್ತದೆಂಬುದು ತೊಟ್ಟ ಮೇಲೆ ಗೊತ್ತಾಗುತ್ತದೆ, ಆದರೂ ನೆರಳು, ನೀರು, ಸರದಿಯ ವಿಶ್ರಾಂತಿ ಈ ಮೂರನ್ನೂ ಕೇಳಿ ಪಡೆಯಿರಿ. ತಲೆಸುತ್ತು ಬಂದಾಗ ಚರಿತ್ರೆಗೆ ನಿಷ್ಠರಾಗಿರುವ ಅಗತ್ಯವಿಲ್ಲ, ಕುಪ್ಪಸ ಸಡಿಲಿಸಿ ಕುಳಿತುಕೊಳ್ಳಿ.

ಅಡುಗೆಮನೆಯಲ್ಲಿ ಉಪ್ಪು ಹಚ್ಚಿದ ಹಂದಿಮಾಂಸ ಇದ್ದೇ ಇರುತ್ತದೆ, ವರ್ಜೀನಿಯಾದ ಊಟದ ಬೆನ್ನೆಲುಬೇ ಅದು. ಮುಟ್ಟಲಾಗುವುದಿಲ್ಲವೆಂದು ಮೊದಲೇ ಹೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಕೈತೋಟ, ನೂಲುವುದು, ಬಣ್ಣ ಹಾಕುವುದು, ಜೋಳದ ಹಿಟ್ಟಿನ ತಯಾರಿ ಹೀಗೆ ಕೆಲಸಗಳಿಗೆ ಕೊರತೆಯಿಲ್ಲ.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಉಪನ್ಯಾಸಕ. ಮಗನ ಮನೆಗೆ ಪ್ರವಾಸಿ ವೀಸಾದಲ್ಲಿ ಆರು ತಿಂಗಳಿಗೆ ಹೋಗುತ್ತಿದ್ದೇನೆ. ಸಂಬಳ ಬೇಡ, ಸೇವೆ ಮಾಡಲು ಅವಕಾಶವಿದೆಯೇ?
(ಓದುಗರು, ಶಿವಮೊಗ್ಗ)

ಉತ್ತರ: ತಮ್ಮಂಥವರ ವಿದ್ವತ್ತು ಅಲ್ಲಿಗೆ ಉಪಯುಕ್ತವೇ, ಆದರೆ ಪ್ರವಾಸಿ ವೀಸಾದಲ್ಲಿ ಈ ಯೋಚನೆಯನ್ನು ಕೈಬಿಡುವುದು ಕ್ಷೇಮವೆಂದು ನನ್ನ ಸಲಹೆ. ಸಂಬಳವಿಲ್ಲದ ಮಾತ್ರಕ್ಕೆ ಯಾವುದೇ ದುಡಿಮೆ ವೀಸಾ ನಿಯಮದ ಹೊರಗುಳಿಯುವುದಿಲ್ಲ. ಬೇರೊಬ್ಬರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿದರೂ ತೊಡಕಾಗಬಹುದು. ಜೇಮ್ಸ್‌ಟೌನ್, ಯಾರ್ಕ್‌ಟೌನ್‌ಗಳ ಕೆಲವು ತಾಣಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನ ಸೇವೆ ಎಂಬ ಅಮೆರಿಕದ ಕೇಂದ್ರ ಸರ್ಕಾರದ ಇಲಾಖೆಯಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳಲು 1970ರಿಂದ ಪ್ರತ್ಯೇಕ ಕಾನೂನೇ ಇದೆ, ಮತ್ತು ಅದರ ಅಡಿಯಲ್ಲಿ ವಿದೇಶಿಯರನ್ನು ತೆಗೆದುಕೊಳ್ಳುವುದು ಅವರ ವೀಸಾದ ವರ್ಗವನ್ನು ನೋಡಿಯೇ. ಅಲ್ಲೇ ನೆಲೆಸಿ ಅವಲಂಬಿತರ ವೀಸಾದಲ್ಲಿರುವ ಓದುಗಿಯರೂ ಅರ್ಜಿ ತುಂಬುವ ಮುನ್ನ ಸ್ವಯಂಸೇವಕರ ಸಂಯೋಜಕರಿಗೆ ತಮ್ಮ ವೀಸಾ ಯಾವುದೆಂದು ಬರೆದು, ಲಿಖಿತ ಉತ್ತರ ಪಡೆದು, ಸಂಶಯವಿದ್ದರೆ ವಲಸೆ ವಕೀಲರನ್ನು ಕೇಳಲಿ. ಸೇರಿದವರಿಗೆ ಒಂದು ಅನುಕೂಲವೂ ಇದೆ: ಕೇಂದ್ರ ಸರ್ಕಾರದ ಉದ್ಯಾನಗಳಲ್ಲಿ 250 ಗಂಟೆ ಸೇವೆ ಪೂರೈಸಿದವರಿಗೆ ದೇಶದ ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ಒಂದು ವರ್ಷದ ಉಚಿತ ಪ್ರವೇಶಪತ್ರ ಸಿಗುತ್ತದೆ.

ಪ್ರಶ್ನೆ: ಗುಲಾಮಗಿರಿಯ ಬಗ್ಗೆ ಕೇಳಿದರೆ ಹೊರಗಿನವಳಾದ ನಾನು ಏನು ಹೇಳಲಿ? ನಮ್ಮಲ್ಲಿನ ಜೀತದ ಹಾಗೆ ಎಂದು ಹೇಳಬಹುದೇ?
(ಓದುಗಿ, ಫೇರ್‌ಫ್ಯಾಕ್ಸ್)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕಾಗಿಯೇ ನಿಮ್ಮನ್ನು ಆಯ್ಕೆ ಮಾಡಬೇಕೆಂದು ನಾನು ಶಿಫಾರಸು ಮಾಡುತ್ತೇನೆ. ಕ್ರಾಂತಿಯ ಹೊತ್ತಿಗೆ ವಿಲಿಯಮ್ಸ್‌ಬರ್ಗಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪುವರ್ಣೀಯರು, ಅವರಲ್ಲಿ ಬಹುಪಾಲು ಗುಲಾಮರು. ಆದರೂ 1926ರಲ್ಲಿ ಆ ಪಟ್ಟಣವನ್ನು ಹದಿನೆಂಟನೆಯ ಶತಮಾನದ ರೂಪಕ್ಕೆ ಮರಳಿಸುವ ಪುನರ್ನಿರ್ಮಾಣ ಆರಂಭವಾದ ಮೇಲೆ ಅವರ ಬದುಕನ್ನು ವ್ಯವಸ್ಥಿತವಾಗಿ ನಿರೂಪಿಸಲು ತೊಡಗಿದ್ದು 1979ರಲ್ಲಿ. ಅರ್ಧ ಶತಮಾನ ಆ ಬೀದಿಗಳು ಅಂದವಾದ ಮೇಲಂಗಿಗಳ ಬೀದಿಗಳಾಗಿಯೇ ಉಳಿದಿದ್ದವು. 1994ರಲ್ಲಿ ಅಲ್ಲಿನ ಕಪ್ಪುವರ್ಣೀಯ ಸಿಬ್ಬಂದಿಯೇ ಗುಲಾಮರ ಹರಾಜಿನ ದೃಶ್ಯವನ್ನು ಬೀದಿಯಲ್ಲಿ ಅಭಿನಯಿಸಿದಾಗ ಪ್ರತಿಭಟನೆಗಳಾದವು. ಇಷ್ಟು ನೋವಿನ ವಿಷಯವನ್ನು ಪಾತ್ರವಾಗಿ ನಿಂತು ಹೇಳುವ ಹೊಣೆಯನ್ನು ಹೊಸ ಸ್ವಯಂಸೇವಕರು ತಲೆಯ ಮೇಲೆ ಎಳೆದುಕೊಳ್ಳಬಾರದು. ವಿವರಿಸುವವಳಾಗಿ ಮಾತ್ರ ನೀವು ಹಿಂಜರಿಯಬೇಕಾಗಿಲ್ಲ.

ಜೀತದ ಹೋಲಿಕೆ ನಮಗೆ ಸಹಜವಾಗಿ ಹೊಳೆಯುತ್ತದೆ, ಅಲ್ಲಿನವರಿಗೆ ದಾರಿ ತಪ್ಪಿಸುತ್ತದೆ. ಜೀತ ಸಾಲದ ಹೆಸರಿನಲ್ಲಿ ನಡೆಯುತ್ತಿದ್ದ ಕ್ರೌರ್ಯ; ವರ್ಜೀನಿಯಾದಲ್ಲಿ ಮನುಷ್ಯನನ್ನೇ ಆಸ್ತಿಯೆಂದು ಕಾನೂನು ಕರೆಯುತ್ತಿತ್ತು. ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮನೇ ಎಂದು 1662ರಲ್ಲಿ ಅಲ್ಲಿನ ಶಾಸನಸಭೆ ನಿಯಮ ಮಾಡಿತು, ತಂದೆ ಯಾರಾದರೂ ಸರಿಯೇ. ‘ಒಡೆಯರು ಒಳ್ಳೆಯವರಾಗಿದ್ದರಂತಲ್ಲ?’ ಎಂದು ಯಾರಾದರೂ ಕೇಳಿದರೆ, ವಾದಕ್ಕಿಳಿಯದೆ ಆ ನಿಯಮವನ್ನು ಹೇಳಿ ಸುಮ್ಮನಾಗಿ. ಅದರ ಜೊತೆಗೆ ಒಬ್ಬ ಮನುಷ್ಯನ ಕಥೆಯಿದ್ದರೆ ಇನ್ನೂ ಒಳ್ಳೆಯದು. ಗುಲಾಮನಾಗಿದ್ದ ಜೇಮ್ಸ್ ಎಂಬಾತ ಕಾರ್ನ್‌ವಾಲಿಸನ ಪಾಳಯದಲ್ಲಿ ಸೇವಕನಂತೆ ಇದ್ದುಕೊಂಡು ಫ್ರೆಂಚ್ ಸೇನಾನಿ ಲಾಫಯೆಟ್‌ಗೆ ಗುಪ್ತವಾರ್ತೆ ಮುಟ್ಟಿಸಿದ. ಯುದ್ಧ ಗೆದ್ದ ಮೇಲೂ ಗುಲಾಮನಾಗಿಯೇ ಉಳಿದು, ಅರ್ಜಿ ಹಾಕಿಕೊಂಡು 1787ರಲ್ಲಿ ಬಿಡುಗಡೆ ಪಡೆದ, ಲಾಫಯೆಟ್ ಎಂಬ ಹೆಸರನ್ನು ತನ್ನದಾಗಿಸಿಕೊಂಡ. ಇನ್ನೊಂದು ಕಡೆ, ಬಿಡುಗಡೆಯ ಆಸೆಯಿಂದ ಬ್ರಿಟಿಷರ ಪಾಳಯಕ್ಕೆ ಓಡಿಬಂದಿದ್ದ ಅನೇಕ ಗುಲಾಮರನ್ನು, ಸಿಡುಬು ತಗಲಿದ್ದವರನ್ನೂ ಸೇರಿಸಿ, ಮುತ್ತಿಗೆಯ ಸಮಯದಲ್ಲಿ ಆಹಾರ ಸಾಲದೆಂದು ಪಾಳಯದಿಂದ ಹೊರದೂಡಲಾಯಿತು. ಯಾರ ಪಕ್ಷದಲ್ಲಿ ಸ್ವಾತಂತ್ರ್ಯವಿತ್ತು ಎಂಬ ಪ್ರಶ್ನೆಯನ್ನು ಈ ಎರಡು ಸಂಗತಿಗಳು ಕೇಳುವವರ ಮನಸ್ಸಿನಲ್ಲಿ ತಾವಾಗಿಯೇ ಎಬ್ಬಿಸುತ್ತವೆ.

ಪ್ರಶ್ನೆ: ಕಾರ್ನ್‌ವಾಲಿಸ್ ಎಂದರೆ ನಮ್ಮ ಊರಿನ ಕೋಟೆಗೆ ಮುತ್ತಿಗೆ ಹಾಕಿದವನೇ ಅಲ್ಲವೇ? ಯಾರ್ಕ್‌ಟೌನಿನಲ್ಲಿ ಇದನ್ನು ಹೇಳುತ್ತಾರೆಯೇ?
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ಅವನೇ. ಯಾರ್ಕ್‌ಟೌನಿನಲ್ಲಿ ಸೋತಾಗ ಅನಾರೋಗ್ಯದ ನೆಪ ಹೇಳಿ ಶರಣಾಗತಿಗೆ ತಾನು ಬಾರದೆ, ಕತ್ತಿ ಒಪ್ಪಿಸಲು ಚಾರ್ಲ್ಸ್ ಓಹಾರಾನನ್ನು ಕಳುಹಿಸಿದವನು. ಐದು ವರ್ಷದೊಳಗೆ, 1786ರಲ್ಲಿ, ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದವನು. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಒಡೆದ. ಮರುವರ್ಷ ನಿಮ್ಮ ಊರಿನ ಮುಂದೆ ಪಾಳಯ ಹೂಡಿ ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ಕರಾರನ್ನೂ ಪಡೆದು, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ. ಅಮೆರಿಕದ ಪಠ್ಯಪುಸ್ತಕಗಳಲ್ಲಿ ಅವನ ಕಥೆ ಯಾರ್ಕ್‌ಟೌನಿನಲ್ಲಿ ಮುಗಿಯುತ್ತದೆ, ನಮ್ಮಲ್ಲಿ ಅದು ಆರಂಭವಾಗುವುದೇ ಆಮೇಲೆ.

ಸಂಬಂಧ ಅಷ್ಟಕ್ಕೇ ನಿಲ್ಲುವುದಿಲ್ಲ. ಬ್ರಿಟಿಷರೊಡನೆ ಹೈದರ್ ಅಲಿ ಹೋರಾಡುತ್ತಿದ್ದ ಸುದ್ದಿ ಅಮೆರಿಕದವರಿಗೆ ಎಷ್ಟು ಹಿಡಿಸಿತ್ತೆಂದರೆ, ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು, ಹೈದರನು ಇನ್ನೂ ಬದುಕಿದ್ದಾಗಲೇ, ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಆ ಹಡಗು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲಶಾಲಿಯಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು.

ಇದನ್ನೆಲ್ಲ ಹೇಳುವುದು ಬಿಡುವುದು ಆಯಾ ನಿರೂಪಕರ ತಿಳಿವಳಿಕೆಗೆ ಬಿಟ್ಟದ್ದು. ಕನ್ನಡಿಗ ಸ್ವಯಂಸೇವಕರು ಮಾಡಬಹುದಾದದ್ದು ಇಷ್ಟು: ದಾಖಲೆಗಳ ಸಮೇತ ಒಂದು ಪುಟ ಬರೆದು ಮೇಲ್ವಿಚಾರಕರಿಗೆ ಒಪ್ಪಿಸಿ, ಅವರು ಪರಿಶೀಲಿಸಿ ಒಪ್ಪಿದ ಮೇಲೆ, ‘ಆ ಮೇಲೆ ಕಾರ್ನ್‌ವಾಲಿಸ್ ಏನಾದ?’ ಎಂದು ಯಾರಾದರೂ ಕೇಳಿದಾಗ ಹೇಳುವುದು. ಕೇಳದವರನ್ನು ತಡೆದು ನಿಲ್ಲಿಸಿ ಮೈಸೂರಿನ ಚರಿತ್ರೆ ಉಪದೇಶಿಸುವುದು ಬೇಡ, ಅವರು ಬಂದಿರುವುದು ಯಾರ್ಕ್‌ಟೌನ್ ನೋಡಲು. ಶಾಲಾ ಮಕ್ಕಳ ಗುಂಪಾದರೆ ನೇರವಾಗಿ ಹಡಗಿನ ಕಥೆಗೇ ಹೋಗಿ. ಫಿರಂಗಿಯ ಮಾತು ಬಂದ ಮೇಲೆ ಕಾರ್ನ್‌ವಾಲಿಸನನ್ನು ಅವರು ಕೇಳುವುದೇ ಇಲ್ಲ.